ತೇಪೆಗಳೂ ಅವುಗಳ ಕಾರಣಗಳೂ

ಲಿನಕ್ಸ್ ವಿತರಣೆಯೊಂದರಿಂದ ನೀವು ಪಡೆಯುವ ತಂತ್ರಾಂಶ, ಅದನ್ನು ಬರೆದವರು ಬಿಡುಗಡೆ ಮಾಡಿದ ರೂಪದಲ್ಲೇ ಇರಬೇಕೆಂದಿಲ್ಲ. ಡೆಬಿಯನ್‌ನಂತಹ ವಿತರಣೆಯಲ್ಲಿ ಪ್ಯಾಕೇಜಿನ ನಿರ್ವಾಹಕರು ಮೂಲ ಆಕರಕ್ಕೆ ಅಲ್ಲಲ್ಲಿ ತಿದ್ದುಪಡಿ ಮಾಡುತ್ತಾರೆ. ಕೂಡಿಸಿದ ಹಾಗೂ ಕಳೆದ ಸಾಲುಗಳನ್ನಷ್ಟೇ ಬೇರೆಯಾಗಿ ಬರೆದಿಟ್ಟ ಕಡತವೇ ಪ್ಯಾಚ್, ಅಂದರೆ ತೇಪೆ. ಅದನ್ನು ಮೂಲಕ್ಕೆ ಅಂಟಿಸುವ ‘ಪ್ಯಾಚ್’ ಎಂಬ ಕ್ರಮವಿಧಿಯನ್ನು ಲ್ಯಾರಿ ವಾಲ್ 1985ರಲ್ಲೇ ಬರೆದಿದ್ದರು.

ಏನು ಬದಲಾಯಿತು ಎಂಬುದನ್ನು ತೇಪೆ ಹೇಳುತ್ತದೆ. ಏಕೆ ಎಂಬುದನ್ನು? ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ರಕರಣವನ್ನು ನೋಡಿ. 2006ರಲ್ಲಿ, ದೋಷಶೋಧಕ ಸಾಧನವೊಂದು ಕೊಡುತ್ತಿದ್ದ ಎಚ್ಚರಿಕೆಗಳನ್ನು ನಿಲ್ಲಿಸಲೆಂದು ಅದರ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು. ನೋಡಲು ಎರಡೂ ಒಂದೇ ಬಗೆಯವು. ಒಂದನ್ನು ತೆಗೆದರೆ ನಷ್ಟವಿರಲಿಲ್ಲ. ಇನ್ನೊಂದಾದರೋ ಯಾದೃಚ್ಛಿಕ ಸಂಖ್ಯೆಗಳ ಉತ್ಪಾದನೆಗೆ ಬೀಜವನ್ನು ಒದಗಿಸುತ್ತಿದ್ದ ಸಾಲು. ಅದು ಹೋದ ಮೇಲೆ ಬೀಜವಾಗಿ ಉಳಿದದ್ದು ಚಾಲನೆಯಲ್ಲಿರುವ ಪ್ರಕ್ರಿಯೆಯ ಗುರುತುಸಂಖ್ಯೆ ಮಾತ್ರ. ಆಗಿನ ಸಾಮಾನ್ಯ ಲಿನಕ್ಸ್ ಗಣಕದಲ್ಲಿ ಅದರ ಗರಿಷ್ಠ ಮಿತಿ 32,768 ಆಗಿತ್ತು. ಅಷ್ಟೇ ಸಾಧ್ಯತೆಗಳಿದ್ದರೆ ಗೂಢಲಿಪಿಯ ಕೀಲಿಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿಡಬಹುದಲ್ಲವೇ? ದೋಷ ಪ್ರಕಟವಾದದ್ದು 2008ರ ಮೇ ತಿಂಗಳಲ್ಲಿ. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಬದಲಾವಣೆ ಎಲ್ಲರಿಗೂ ಲಭ್ಯವಿದ್ದ ಕಡತದಲ್ಲೇ ಇತ್ತು. ಆದರೆ ಆಗಿನ ಆಕರ ಪ್ಯಾಕೇಜಿನಲ್ಲಿ ನಿರ್ವಾಹಕರ ಸಕಲ ಬದಲಾವಣೆಗಳೂ ಒಂದೇ ಡಿಫ್ ಕಡತದೊಳಗೆ ಸೇರುತ್ತಿದ್ದವು. ಆ ರಾಶಿಯನ್ನು ಕೆದಕುವವರು ವಿರಳ.

ಮುಂದೆ ಬಂದ ‘3.0 ಕ್ವಿಲ್ಟ್’ ಮಾದರಿ ಇದಕ್ಕೆ ಒಳ್ಳೆಯ ಉತ್ತರ. ಇದರಲ್ಲಿ ತೇಪೆಗಳಿಗೆ ಬೇರೆ ಬೇರೆ ಕಡತ, ಅಂಟಿಸುವ ಕ್ರಮಕ್ಕೆ ಇನ್ನೊಂದು ಪಟ್ಟಿ. ತೇಪೆಯ ತಲೆಯಲ್ಲಿ ವಿವರಣೆ, ಮೂಲ, ಲೇಖಕ, ಮೂಲ ಯೋಜನೆಗೆ ಕಳುಹಿಸಲಾಗಿದೆಯೇ ಎಂಬ ವಿವರಗಳಿರಲಿ ಎನ್ನುವ ಮಾರ್ಗಸೂಚಿಯೂ ಬಂದಿತು. ಆದರೆ ನನ್ನ ಆಕ್ಷೇಪವಿರುವುದು ಇಲ್ಲಿಯೇ. ಪ್ಯಾಕೇಜು ಕಟ್ಟುವ ಸಾಧನವು ವಿವರಣೆಯಿಲ್ಲದ ತೇಪೆಯನ್ನು ತಿರಸ್ಕರಿಸುವುದಿಲ್ಲ. ಸಾಲದ್ದಕ್ಕೆ, ಎಲ್ಲ ಬದಲಾವಣೆಗಳನ್ನೂ ಮತ್ತೆ ಒಂದೇ ತೇಪೆಯಾಗಿ ಸುತ್ತಿಡುವ ಆಯ್ಕೆಯನ್ನೂ ಅದು ಕೊಡುತ್ತದೆ! ಗಿಟ್‌ನಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲವೆಂಬುದು ಸಮರ್ಥನೆ. ಇತಿಹಾಸವೆಲ್ಲ ಗಿಟ್‌ನಲ್ಲಿದೆಯಲ್ಲ ಎನ್ನುತ್ತಾರೆ. ಆದರೆ ಆಕರ ಪ್ಯಾಕೇಜನ್ನಷ್ಟೇ ಇಳಿಸಿಕೊಂಡವರ ಕೈಗೆ ಆ ಇತಿಹಾಸ ಸಿಗುವುದಿಲ್ಲ.

ಶಿಕ್ಷಕರು ಇದನ್ನು ಪ್ರಯೋಗಶಾಲೆಯಲ್ಲೇ ತೋರಿಸಬಹುದು. ಪುಟ್ಟ ಕ್ರಮವಿಧಿಯೊಂದರಲ್ಲಿ ಮೂರು ಬದಲಾವಣೆ ಮಾಡಿಸಿ, ಒಂದೊಂದನ್ನೂ ಕಾರಣಸಹಿತವಾಗಿ ಗಿಟ್‌ನಲ್ಲಿ ದಾಖಲಿಸಲು ಹೇಳಿ. ಬಳಿಕ ಮೊದಲ ಹಾಗೂ ಕೊನೆಯ ಸ್ಥಿತಿಗಳ ನಡುವೆ ‘ಡಿಫ್’ ತೆಗೆದರೆ ಒಂದೇ ಮುದ್ದೆ ಬರುತ್ತದೆ, ಕಾರಣಗಳು ಮಾಯ. ‘ಫಾರ್ಮ್ಯಾಟ್-ಪ್ಯಾಚ್’ ಆದೇಶ ಕೊಟ್ಟರೆ ಮೂರು ಕಡತಗಳು, ಹೆಸರು, ದಿನಾಂಕ, ಕಾರಣಗಳೊಡನೆ. ಎರಡು ಕೆಲಸಗಳನ್ನು ಒಂದೇ ದಾಖಲೆಯಲ್ಲಿ ಬೆರೆಸಿದ ವಿದ್ಯಾರ್ಥಿಗೆ ಬೆರೆತ ತೇಪೆಯೇ ಸಿಗುತ್ತದೆನ್ನಿ.

ಈ ಕ್ರಮಕ್ಕೂ ಒಂದು ತೊಡಕಿದೆ. ರಫ್ತಾದ ತೇಪೆಗಳನ್ನೇ ಮತ್ತೆ ಗಿಟ್‌ನಲ್ಲಿಟ್ಟರೆ, ತೇಪೆ ಬದಲಾದಾಗ ಕಾಣುವುದು ವ್ಯತ್ಯಾಸದ ವ್ಯತ್ಯಾಸ. ಸಾಲಿನ ಮುಂದೆ ಎರಡೆರಡು ಕೂಡು-ಕಳೆ ಚಿಹ್ನೆಗಳಿರುತ್ತವೆ. ಯಾವುದು ತೇಪೆಯ ಚಿಹ್ನೆ, ಯಾವುದು ತೇಪೆಗಾದ ಬದಲಾವಣೆಯ ಚಿಹ್ನೆ ಎಂದು ಬಿಡಿಸಿ ಓದಲು ಪಳಗಿದವರೂ ತಡವರಿಸುತ್ತಾರೆ.