ಲ್ಯಾಬ್ ಸತ್ಯ, ಮಷೀನು ಸುಳ್ಳೇ?

ತಿಂಡಿ ತಿಂದು ಎರಡು ಗಂಟೆಗೆ ಮನೆಯ ಶುಗರ್ ಮಷೀನು 186 ತೋರಿಸಿತು, ಅದೇ ಹೊತ್ತಿಗೆ ಲ್ಯಾಬಿನಲ್ಲಿ 158 ಬಂತು ಎನ್ನಿ. ಮಷೀನು ಸುಳ್ಳು ಹೇಳುತ್ತಿದೆ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ವೈದ್ಯರೂ ತಲೆಯಾಡಿಸುತ್ತಾರೆ. ಯಂತ್ರ ಬೀರು ಸೇರುತ್ತದೆ, ರೋಗಿ ಮೂರು ತಿಂಗಳಿಗೊಮ್ಮೆ ಬರುವ ರಿಪೋರ್ಟನ್ನೇ ನಂಬಿಕೊಂಡು ಕೂರುತ್ತಾರೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಉಂಡ ಮೇಲೆ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ತೋಳಿನ ರಕ್ತನಾಳದಲ್ಲಿರುವುದಕ್ಕಿಂತ ಹೆಚ್ಚೇ ಇರುತ್ತದೆ. ರಕ್ತ ಹಿಂದಿರುಗುವ ದಾರಿಯಲ್ಲಿ ಸ್ನಾಯುಗಳು ತಮ್ಮ ಪಾಲು ತೆಗೆದುಕೊಂಡಿರುತ್ತವೆ. ಹಾಗಾಗಿ ಮೇಲಿನ ಎರಡು ಅಂಕಿಗಳೂ ನಿಜವಿರಬಹುದು. ಇನ್ನು ಲ್ಯಾಬಿನ ಟ್ಯೂಬನ್ನೇ ನೋಡಿ. ಅದರೊಳಗೆ ಬಿದ್ದ ರಕ್ತಕಣಗಳು ಜೀವಂತವಾಗಿಯೇ ಇದ್ದು, ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಸಕ್ಕರೆಯನ್ನು ಕರಗಿಸುತ್ತಿರುತ್ತವೆ. ಬೂದು ಮುಚ್ಚಳದ ಟ್ಯೂಬಿನಲ್ಲಿರುವ ಫ್ಲೋರೈಡ್ ಇದನ್ನು ತಡೆಯುತ್ತದೆ ನಿಜ, ಆದರೆ ಪೂರ್ತಿ ಹಿಡಿತಕ್ಕೆ ತರಲು ಅದಕ್ಕೂ ಒಂದೆರಡು ಗಂಟೆ ಬೇಕು. ತಾಲ್ಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ ಬೈಕಿನಲ್ಲಿ ಜಿಲ್ಲಾ ಕೇಂದ್ರ ಮುಟ್ಟುವಷ್ಟರಲ್ಲಿ ಅಂಕಿ ಇಳಿದಿರುವುದು ಸಾಧ್ಯ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಅಚ್ಚಾದ ಕಾಗದದಲ್ಲಿ ಇದೆಯಲ್ಲ!

ಸ್ಟ್ರಿಪ್ಪಿನ ಹಿಂದಿರುವುದು ಅಗ್ಗದ ವಿಜ್ಞಾನವಲ್ಲ. ಕಿಣ್ವವೊಂದು ಗ್ಲೂಕೋಸನ್ನು ಹಿಡಿದು ಎಲೆಕ್ಟ್ರಾನು ಕಸಿದುಕೊಳ್ಳುತ್ತದೆ, ಯಂತ್ರ ಆ ಪುಟ್ಟ ಕರೆಂಟನ್ನು ಅಳೆಯುತ್ತದೆ. ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸುವ ಈ ದಾರಿಯನ್ನು 1962ರಲ್ಲೇ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯಾನ್ಸ್ ತೋರಿಸಿದ್ದರು. 2013ರ ಐಎಸ್‌ಒ ಮಾನದಂಡದ ಪ್ರಕಾರ, ಸಕ್ಕರೆ 100 ಅಥವಾ ಅದಕ್ಕಿಂತ ಮೇಲಿದ್ದಾಗ ನೂರರಲ್ಲಿ 95 ಫಲಿತಾಂಶಗಳು ಶೇ 15ರ ಅಂತರದೊಳಗಿರಬೇಕು. ಔಷಧ ಹೊಂದಿಸಲು, ಊಟಕ್ಕೆ ದೇಹ ಹೇಗೆ ಸ್ಪಂದಿಸುತ್ತಿದೆ ಎಂದು ತಿಳಿಯಲು ಅಷ್ಟು ಸಾಕು.

ಯಂತ್ರದ ನಿಜವಾದ ದೌರ್ಬಲ್ಯ ಬೇರೆಡೆ ಇದೆ, ಅದರ ಬಗ್ಗೆಯೇ ನಮ್ಮಲ್ಲಿ ಮಾತಿಲ್ಲ. ಕೆಂಪು ರಕ್ತಕಣ ಕಡಿಮೆಯಿದ್ದರೆ ಅನೇಕ ಸ್ಟ್ರಿಪ್ಪುಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಇನ್ಸುಲಿನ್ ತೆಗೆದುಕೊಳ್ಳುವ ರಕ್ತಹೀನ ಗರ್ಭಿಣಿಗೆ ಸಕ್ಕರೆ 60ಕ್ಕೆ ಇಳಿದಿರುವಾಗ ಯಂತ್ರ 75 ಎಂದು ತೋರಿಸಿದರೆ, ಬೆವರು, ನಡುಕ ಬಂದರೂ ಮನೆಯವರು ಸುಸ್ತಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ನನ್ನನ್ನು ಕಾಡುವುದು ಈ ತಪ್ಪು. 186ಕ್ಕೂ 158ಕ್ಕೂ ಇರುವ ಅಂತರ ಅದರ ಮುಂದೆ ಏನೂ ಅಲ್ಲ.

ಇದಕ್ಕೆ ಪರಿಹಾರವೂ ಇದೆ. ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣವನ್ನೂ ಅಳೆದು ಲೆಕ್ಕ ಸರಿಪಡಿಸುವ ಮೀಟರುಗಳು ಬಂದಿವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ನವಕಾಂತ ಭಟ್ ಅವರ ತಂಡದ ಸಂಶೋಧನೆಯಿಂದ ಹುಟ್ಟಿದ ಪಾಥ್‌ಶೋಧ್, ಗ್ಲೂಕೋಸಿನ ಜೊತೆಗೆ ಹಿಮೋಗ್ಲೋಬಿನ್ನನ್ನೂ ಅಳೆಯುವ ಕೈಯಂತ್ರ ರೂಪಿಸಿದೆ. ಯಾವ ಮಟ್ಟದ ರಕ್ತಹೀನತೆಯವರೆಗೆ ಸ್ಟ್ರಿಪ್ಪು ನಂಬಬಹುದು ಎಂಬುದು ಡಬ್ಬಿಯೊಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿರುತ್ತದೆ. ಅದು ಡಬ್ಬಿಯ ಮೇಲೆ ದಪ್ಪಕ್ಷರದ ಕನ್ನಡದಲ್ಲಿ ಇರಬೇಕು. ಆಸ್ಪತ್ರೆಗಳು ಮೀಟರು ಖರೀದಿಸುವಾಗ ಬೆಲೆಗಿಂತ ಮೊದಲು ಆ ಮಿತಿಯನ್ನು ಕೇಳಬೇಕು.