ಕೊಡಲಿಯ ಭೂವಿಜ್ಞಾನ

ಕರಾವಳಿಯಲ್ಲಿ ಯಾವ ಸ್ಮರಣ ಸಂಚಿಕೆ ಬಿಡಿಸಿದರೂ ಪರಶುರಾಮ ಸೃಷ್ಟಿಯ ಮೇಲೊಂದು ಲೇಖನ ಇದ್ದೇ ಇರುತ್ತದೆ. ಇರಲಿ. ಆದರೆ ಈಚೆಗೆ ಅದಕ್ಕೊಂದು ಬಾಲ ಅಂಟಿಕೊಂಡಿದೆ: ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ್ದು ಬರೀ ಕತೆಯಲ್ಲ, ಭೂಖಂಡಗಳು ಬೇರ್ಪಟ್ಟ ವಿದ್ಯಮಾನವನ್ನು ನಮ್ಮ ಹಿರಿಯರು ನೆನಪಿಟ್ಟುಕೊಂಡ ಬಗೆ ಎಂಬ ವ್ಯಾಖ್ಯಾನ. ವೇದಿಕೆಯಲ್ಲಿ ಇದಕ್ಕೆ ಚಪ್ಪಾಳೆ ಖಚಿತ. ವಿಜ್ಞಾನವಾಗಿ ಇದು ದುರ್ಬಲ, ಪುರಾಣದ ಓದಾಗಿ ಇನ್ನೂ ದುರ್ಬಲ.

ಕತೆ ಎಲ್ಲರಿಗೂ ಗೊತ್ತು, ಗೋಕರ್ಣದಿಂದ ಕನ್ಯಾಕುಮಾರಿಯ ತನಕದ ಗಡಿಯೂ ಗೊತ್ತು. ಪರೀಕ್ಷೆಗೆ ಮಂಗಳೂರಿನ ಪಂಪ್‌ವೆಲ್ ಸಾಕು. 2020ರಲ್ಲಿ ತೆರೆದ ಮೇಲ್ಸೇತುವೆಯ ಅಡಿಯಲ್ಲಿ ಮಳೆಗಾಲದ ನೀರು ನಿಂತಾಗ, ಕಡಲು ತನ್ನ ಜಾಗ ವಾಪಸು ಕೇಳುತ್ತಿದೆ ಎಂದು ತಮಾಷೆ ಮಾಡುವುದು ಸುಲಭ. ಆ ನೀರು ಬರುವುದು ಸುತ್ತಲಿನ ಎತ್ತರದಿಂದ. ಆ ಗುಡ್ಡೆಗಳನ್ನೇ ನೋಡಿ. ಕಂಕನಾಡಿ, ಬಿಕರ್ನಕಟ್ಟೆ ಕಡೆ ರಸ್ತೆಗೋ ಬಾವಿಗೋ ಕಡಿದಲ್ಲಿ ಮೇಲೆ ಮುರಕಲ್ಲು, ಕೆಳಗೆ ಶೇಡಿಮಣ್ಣು, ಅದರಡಿ ಗಟ್ಟಿ ಬಂಡೆ. ಮೂರಕ್ಕೂ ಮೂಲ ಒಂದೇ. ತಳದ ಬಂಡೆಯೇ ಲಕ್ಷಗಟ್ಟಲೆ ವರ್ಷ ಮಳೆ ಬಿಸಿಲಿಗೆ ಕೊಳೆತು, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಮುರಕಲ್ಲಾಗುತ್ತದೆ. ಕಡಲಡಿಯಲ್ಲಿ ಈ ಕೆಲಸ ನಡೆಯದು. ನೆಲ ಮಳೆಗಾಳಿಗೆ ತೆರೆದಿರಬೇಕು. ಅಂದರೆ ನೋಡಿ ನೆನಪಿಟ್ಟುಕೊಳ್ಳಲು ಮನುಷ್ಯನೇ ಇಲ್ಲದ ಕಾಲದಿಂದ ಈ ಗುಡ್ಡೆಗಳು ನೀರಿನ ಮೇಲಿವೆ. ಬಂಡೆಯ ಪ್ರಾಯವಂತೂ 250 ಕೋಟಿ ವರ್ಷಕ್ಕೂ ಹೆಚ್ಚು.

ಬಾವಿ ತೋಡುವಾಗ ಚಿಪ್ಪು ಸಿಕ್ಕಿತಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಗ್ಗಿನಲ್ಲಿ ಸಿಗುತ್ತದೆ, ನಿಜ. ಅಳಿವೆ ಇದ್ದಲ್ಲಿ ಚಿಪ್ಪು ಇರುತ್ತದೆ. ಬೆಂಗ್ರೆಯಂಥ ಮರಳು ದಿಣ್ಣೆ ಹೊಸ ನೆಲವೇ, ನದಿಯೂ ಅಲೆಯೂ ಸೇರಿ ಕಟ್ಟಿದ್ದು. ಅಷ್ಟಕ್ಕೆ ಮುಗಿಯಿತು.

ನೆನಪಿನ ವಾದವನ್ನೇ ಹಿಡಿದರೂ ಅದು ತಲೆಕೆಳಗಾಗುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುದಿಯಲ್ಲಿ, ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಮುಂದೆ ಏರುತ್ತ ಬಂದು ಸುಮಾರು 7,000 ವರ್ಷಗಳ ಹಿಂದೆ ಈಗಿನ ಮಟ್ಟದ ಹತ್ತಿರ ನಿಂತಿತು. ನಮ್ಮ ಹಿರಿಯರು ಏನಾದರೂ ಕಂಡಿದ್ದರೆ, ನೆಲವನ್ನು ನುಂಗುತ್ತ ಬಂದ ಕಡಲನ್ನು ಕಂಡಿರಬೇಕು.

ಭೂಖಂಡ ಒಡೆದದ್ದು ಬೇರೆಯದೇ ಕಾಲದ ಮಾತು. ಗೊಂಡ್ವಾನಾ ಚೂರಾದ ಮೇಲೂ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್, ಸುಮಾರು 8.8 ಕೋಟಿ ವರ್ಷಗಳ ಹಿಂದೆ ನಮ್ಮ ಪಡುವಣ ಅಂಚಿನಿಂದ ಕಳಚಿಕೊಂಡಿತು. ಅದರ ಈಶಾನ್ಯದ ಅಂತೊಂಗಿಲ್ ಸೀಮೆಯ ಹಳೆಯ ಬಂಡೆಗಳಿಗೂ ನಮ್ಮ ಧಾರವಾಡ ಸೀಮೆಯ ಬಂಡೆಗಳಿಗೂ ಇವತ್ತಿಗೂ ಹೋಲಿಕೆ ಇದೆ. ಭೂಖಂಡಗಳು ಸರಿಯುತ್ತವೆ ಎಂದು ವೆಗೆನರ್ 1912ರಲ್ಲಿ ಹೇಳಿದ್ದನ್ನು ಒಪ್ಪಲು ಭೂವಿಜ್ಞಾನಿಗಳಿಗೇ 1960ರ ದಶಕ ಬರಬೇಕಾಯಿತು.

ಸಾಕ್ಷಿ ಬೇಕಾದವರು ಪಂಪ್‌ವೆಲ್‌ನಲ್ಲಿ ಉಡುಪಿ ಬಸ್ಸು ಹತ್ತಿದರೆ ಸಾಕು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದಲ್ಲಿ, ಆ ಬಿರುಕಿನ ಕಾಲದ ಲಾವಾ ತಣಿದು ಕುಗ್ಗುತ್ತ ಸೀಳಿ, ಐದಾರು ಮುಖದ ಕಲ್ಲುಕಂಬಗಳಾಗಿ ನಿಂತಿದೆ. ಪ್ರವಾಸಿ ಕೈಪಿಡಿಗಳು ಅದನ್ನು ಬಸಾಲ್ಟ್ ಎನ್ನುತ್ತಲೇ ಇವೆ. ಅದು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ಇದು ಪಂಡಿತರ ಕೊಂಕಲ್ಲ: ಬಸಾಲ್ಟ್ ಎಂದೊಡನೆ ಓದುಗ ಅದನ್ನು ದಖನ್ ಲಾವಾದ ಲೆಕ್ಕಕ್ಕೆ ಸೇರಿಸಿಬಿಡುತ್ತಾನೆ. ದಖನ್ ಲಾವಾ ಹರಿದದ್ದು ಸುಮಾರು ಎರಡು ಕೋಟಿ ವರ್ಷ ಈಚೆಗೆ. ಮಡಗಾಸ್ಕರಿನ ಕತೆಯೇ ಕೈತಪ್ಪುತ್ತದೆ. ದ್ವೀಪದ ಪ್ರಾಯದ ಬಗ್ಗೆ ವಿಜ್ಞಾನಿಗಳಲ್ಲೂ ಜಗಳವಿದೆ. ಹಳೆಯ ಅಳತೆ 9.3 ಕೋಟಿ, ಆಮೇಲಿನದು 8.5 ಕೋಟಿಯ ಆಸುಪಾಸು. ಜಗಳಕ್ಕೆ ಇಷ್ಟು ಒಳ್ಳೆಯ ವಸ್ತು ಇರುವಾಗ ನಮ್ಮವರು ಅಲ್ಲಿ ಸೆಲ್ಫಿ ತೆಗೆದು ಬಂದು ವೇದಿಕೆಯಲ್ಲಿ ಕೊಡಲಿಯ ಬಗ್ಗೆ ಮಾತಾಡುತ್ತಾರೆ.

ಆ ಕೊಡಲಿಯನ್ನಾದರೂ ಸರಿಯಾಗಿ ಓದಿದ್ದಾರೆಯೇ? ಬ್ರಹ್ಮಾಂಡ ಪುರಾಣದ ಪಾಠದಲ್ಲಿ ಪರಶುರಾಮ ಹೊಸ ನೆಲವನ್ನು ಸೃಷ್ಟಿಸುವುದೇ ಇಲ್ಲ. ಸಗರನ ಮಕ್ಕಳು ಅಗೆದದ್ದರಿಂದ ಉಕ್ಕಿದ ಕಡಲು ಗೋಕರ್ಣವನ್ನು ಮುಳುಗಿಸುತ್ತದೆ, ನೆಲೆ ತಪ್ಪಿದ ಋಷಿಗಳು ಬಂದು ಬೇಡುತ್ತಾರೆ, ಅವನು ವರುಣನನ್ನು ಬೆದರಿಸಿ ಮುಳುಗಿದ್ದನ್ನು ಬಿಡಿಸಿಕೊಡುತ್ತಾನೆ. ಮೊದಲು ನೆಲ, ಆಮೇಲೆ ನೀರು, ಮತ್ತೆ ನೆಲ. ಏರಿದ ಕಡಲಿನ ನೆನಪು ಹುಡುಕುವವರಿಗೆ ಈ ಪಾಠವೇ ಹೆಚ್ಚು ಅನುಕೂಲ. ಆದರೂ ಅವರು ಇದನ್ನು ಮುಟ್ಟುವುದಿಲ್ಲ. ಕಾರಣ ಊಹಿಸಬಹುದು. ಮರಳಿ ಪಡೆದ ನೆಲದಲ್ಲಿ ಮೊದಲು ಯಾರೋ ಬಾಳಿದ್ದರು ಎಂದಾಗುತ್ತದೆ. ಹೊಸದಾಗಿ ಸೃಷ್ಟಿಸಿದ ನೆಲಕ್ಕೆ ಹಳೆಯ ಹಕ್ಕುದಾರನಿಲ್ಲ. ತುಳುನಾಡಿನ ಬ್ರಾಹ್ಮಣರ ಮೂವತ್ತೆರಡು ಗ್ರಾಮಗಳ ಲೆಕ್ಕ ಹೇಳುವ ಗ್ರಾಮಪದ್ಧತಿ ಎಂಬ ಗ್ರಂಥಕ್ಕೆ ಬೇಕಾದದ್ದು ಇಂಥ ನೆಲವೇ.

ಇಷ್ಟು ಹೇಳಿದರೆ ವಿಚಾರವಾದಿ ಮಿತ್ರರಿಗೆ ಖುಷಿ. ಇದು ಪುರೋಹಿತರ ಜಮೀನು ದಾಖಲೆ, ಅಷ್ಟೇ ಎಂದು ಅವರು ಕಡತ ಮುಚ್ಚುತ್ತಾರೆ. ದಾಖಲೆ ಹೌದು, ‘ಅಷ್ಟೇ’ ಎಂಬುದಕ್ಕೆ ನನ್ನ ತಕರಾರು. ಕೇರಳದ ಪಾಠಗಳಲ್ಲಿ ಹೊಸ ನೆಲ ಉಪ್ಪುಪ್ಪಾಗಿ ಬೆಳೆ ಬರದೆ, ನಾಗಗಳು ಬಂದು ಹದ ಮಾಡುವ ಭಾಗವಿದೆ. ಬರೀ ಹಕ್ಕುಪತ್ರಕ್ಕೆ ಈ ತಾಪತ್ರಯ ಬೇಕಿರಲಿಲ್ಲ. ಉಪ್ಪು ನೆಲದಲ್ಲಿ ಬೇಸಾಯ ಮಾಡಿ ಕಷ್ಟ ಕಂಡವರು ಅದನ್ನು ಸೇರಿಸಿರಬೇಕು ಎಂಬುದು ನನ್ನ ಊಹೆ. ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಒಡ್ಡು ಕಟ್ಟಿ ಉಪ್ಪುನೀರು ತಡೆದು, ಮಳೆನೀರಿನಿಂದ ಉಪ್ಪು ತೊಳೆದು ಕಗ್ಗ ಭತ್ತ ಬೆಳೆಯುತ್ತ ಬಂದದ್ದು ಇದೇ ಕೆಲಸ. ಕರಾವಳಿಯಲ್ಲಿ ಮನುಷ್ಯ ಕಡಲಿನಿಂದ ನಿಜಕ್ಕೂ ಕಸಿದುಕೊಂಡ ನೆಲ ಅದು, ಗೋಕರ್ಣದ ಮಗ್ಗುಲಲ್ಲೇ ಇದೆ. ಕೊಡಲಿಯ ಕತೆಗೆ ಟಿಪ್ಪಣಿ ಬರೆಯುವವರು ಮೊದಲು ನೋಡಬೇಕಾದದ್ದು ಆ ಒಡ್ಡುಗಳನ್ನು.