ಎರಡನೆಯ ಕಂಠ

ಮುಂಬಯಿಯ ಲೋಕಲ್ ರೈಲಿನ ಭಜನಾ ಮಂಡಳಿಗಳಿಂದ ಶುರು ಮಾಡುತ್ತೇನೆ. ವಿರಾರ್, ಕಲ್ಯಾಣ, ಕರ್ಜತ್ ಕಡೆಯಿಂದ ಬೆಳಿಗ್ಗೆ ಹೊರಡುವ ಗಾಡಿಗಳಲ್ಲಿ ಇಂಥ ಹೊತ್ತಿನ ಗಾಡಿ, ಇಂಥ ಡಬ್ಬಿ ಎಂದು ಪ್ರತಿ ಮಂಡಳಿಗೂ ಗೊತ್ತುಪಡಿಸಿದ ಜಾಗವಿದೆ. ಬ್ಯಾಂಕಿನ ಗುಮಾಸ್ತ, ಕಚೇರಿಯ ಸಿಪಾಯಿ, ಅಂಗಡಿಯ ಲೆಕ್ಕ ಬರೆಯುವವ ಎಲ್ಲರೂ ಅಲ್ಲಿ ಸೇರುತ್ತಾರೆ. ಒಬ್ಬನ ಚೀಲದಿಂದ ತಾಳ ಹೊರಬರುತ್ತದೆ, ಇನ್ನೊಬ್ಬನ ಕೈಯಲ್ಲಿ ಚಿಪಳಿ. ಢೋಲಕಿ ಇದ್ದರೆ ಸರಿ, ಇಲ್ಲದಿದ್ದರೆ ಡಬ್ಬಿಯ ತಗಡೇ ಢೋಲಕಿ. ತುಕಾರಾಮರ ಅಭಂಗವೊಂದನ್ನು ಒಬ್ಬ ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ದಸರೆ ಬಂತೆಂದರೆ ಡಬ್ಬಿಗೆ ಹೂಮಾಲೆ, ಪೂಜೆ, ಪ್ರಸಾದ.

ಗದ್ದಲ ಎಂದು ದೂರು ಕೊಡುವವರಿದ್ದಾರೆ, ರೈಲ್ವೆಯವರು ಆಗಾಗ ತಡೆದದ್ದೂ ಉಂಟು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಆ ತಾಳದ ಸದ್ದು ಹಿಂಸೆಯೇ ಸರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಗುಂಪಿನಲ್ಲಿ ಗೆಳೆತನ ಬೆಳೆಯುವ ರೀತಿಯನ್ನು ನೋಡಿ. ಪಕ್ಕದವನ ಮನೆ ಎಲ್ಲಿ, ಮಕ್ಕಳೆಷ್ಟು ಎಂದು ತಿಳಿಯುವ ಮೊದಲೇ ಅವನ ಉಸಿರು ಎಷ್ಟುದ್ದ, ಯಾವ ಸ್ವರಕ್ಕೆ ಅವನ ಗಂಟಲು ಸೋಲುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ. ಅವನು ಸೋಲುವ ಕಡೆ ಇವನು ತುಸು ಜೋರಾಗಿ ಹಿಡಿಯುತ್ತಾನೆ. ಮದುವೆಗೆ ಹೋಗುವುದು, ಆಸ್ಪತ್ರೆಗೆ ಓಡುವುದು, ನಿವೃತ್ತಿಯ ದಿನ ಶಾಲು ಹೊದಿಸುವುದು, ಇವೆಲ್ಲ ಆಮೇಲೆ ಬರುವಂಥವು.

ಸೋಲುವವನನ್ನು ಹೀಗೆ ಎತ್ತಿಹಿಡಿಯುವ ಎರಡನೆಯ ಕಂಠದ ಮಾತು ಬಂತಲ್ಲ, ಇನ್ನು ರೈಲಿನಲ್ಲಿ ಕೂತಿರಲಾರೆ. ಸಾಯನ್‌ನಲ್ಲಿ ಇಳಿದುಬಿಡುತ್ತೇನೆ. ಅಲ್ಲಿಯ ವಲ್ಲಭ ಸಂಗೀತಾಲಯದಲ್ಲಿ ಜತೆಯಾಗಿ ಕಲಿಸಿದ, ಜತೆಯಾಗಿ ಹಾಡಿದ ಕೆ.ಜಿ. ಗಿಂಡೆ ಮತ್ತು ಎಸ್.ಸಿ.ಆರ್. ಭಟ್ ಅವರನ್ನು ನೆನೆಯದೆ ಈ ವಿಷಯ ಮುಂದೆ ಸಾಗುವುದಿಲ್ಲ.

ಗಿಂಡೆ ನಮ್ಮ ಬೈಲಹೊಂಗಲದವರು, 1925ರಲ್ಲಿ ಹುಟ್ಟಿದವರು. ಹನ್ನೊಂದರ ಹುಡುಗ ಬೆಳಗಾವಿ ಸೀಮೆ ಬಿಟ್ಟು ಲಖನೌಗೆ ಹೋಗಿ ಶ್ರೀಕೃಷ್ಣ ರಾತಂಜನಕರರ ಮನೆ ಸೇರಿದ. ರಾತಂಜನಕರರು ಆಗ ಅಲ್ಲಿಯ ಮ್ಯಾರಿಸ್ ಕಾಲೇಜಿನ ಪ್ರಾಂಶುಪಾಲರು. ಆ ಕಾಲೇಜನ್ನು 1926ರಲ್ಲಿ ಆರಂಭಿಸಿದವರು ವಿಷ್ಣು ನಾರಾಯಣ ಭಾತಖಂಡೆ, ಅಂದರೆ ನಮ್ಮ ವಾಲಕೇಶ್ವರದಲ್ಲಿ ಹುಟ್ಟಿದ ವಕೀಲರು. ರಾತಂಜನಕರರ ನೆರಳಿನಲ್ಲೇ ಬೆಳೆದವರು ಎಸ್.ಸಿ.ಆರ್. ಭಟ್, ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರಕರ, ದಿನಕರ ಕಾಯ್ಕಿಣಿ. ಮುಂಬಯಿಯಲ್ಲಿ ಹುಟ್ಟಿದ ಬೀಜ ಲಖನೌದಲ್ಲಿ ಮೊಳೆತು, ಕನ್ನಡ ನಾಡಿನ ನಂಟಿದ್ದ ಹುಡುಗರ ಕೊರಳೇರಿ ಮತ್ತೆ ಮುಂಬಯಿಗೇ ಬಂತು. 1946ರಲ್ಲಿ ಭಾರತೀಯ ವಿದ್ಯಾಭವನ ಸಂಗೀತ ಶಿಕ್ಷಾಪೀಠ ತೆರೆದಾಗ ಅದರ ಹೊಣೆ ಹೊತ್ತವರು ನಗರಕರ. 1951ರಲ್ಲಿ ಗಿಂಡೆ ಬಂದು ಅವರೊಂದಿಗೆ ಕೈಜೋಡಿಸಿದರು. ಫೈಯಾಜ್ ಖಾನರ ಶಿಷ್ಯರಾಗಿದ್ದ ಸ್ವಾಮಿ ವಲ್ಲಭದಾಸರು ಕಟ್ಟಿದ ಸಾಯನ್‌ನ ಸಂಗೀತಾಲಯಕ್ಕೆ 1962ರಲ್ಲಿ ಗಿಂಡೆಯವರೇ ಪ್ರಾಂಶುಪಾಲರಾದರು. ಮುಂದೆ ಕಾಯ್ಕಿಣಿಯವರು ಭವನದ ಶಿಕ್ಷಾಪೀಠವನ್ನು ನಡೆಸಿದರು. ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಇವರ ಪಾಠದ ಕೋಣೆಗಳು ಹಬ್ಬಿದ್ದವು. ಎಲ್ಲ ಕಡೆಯೂ ಅದೇ ಬಂದಿಶ್‌ಗಳು.

ಇಲ್ಲಿ ನನ್ನ ಹಳೆಯ ಜಗಳ ಮತ್ತೆ ತೆಗೆಯಬೇಕಾಗಿದೆ. ಘರಾಣೆಯ ಅಭಿಮಾನಿಗಳು ಭಾತಖಂಡೆ ಪರಂಪರೆಯನ್ನು ಪುಸ್ತಕದ ಸಂಗೀತ ಎಂದು ಹಗುರ ಮಾಡುತ್ತ ಬಂದಿದ್ದಾರೆ. ಗಂಡಾ ಕಟ್ಟಿ, ಹುಕ್ಕಾ ತುಂಬಿ, ಉಸ್ತಾದರ ಪಾದದ ಬಳಿ ಕೂತು ಕಲಿತದ್ದರಲ್ಲಿ ಮಾತ್ರ ಬಾಂಧವ್ಯ ಇರುತ್ತದೆ, ಗಂಟೆ ಹೊಡೆದು ನಡೆಸುವ ತರಗತಿಯಲ್ಲಿ ಎಲ್ಲಿಯ ಬಾಂಧವ್ಯ ಎಂಬುದು ಅವರ ವಾದ. ಗುರು-ಶಿಷ್ಯರ ನಡುವಿನ ಬಾಂಧವ್ಯದ ಮಟ್ಟಿಗೆ ಅದನ್ನು ಸದ್ಯಕ್ಕೆ ಒಪ್ಪೋಣ. ಆದರೆ ಶಿಷ್ಯ-ಶಿಷ್ಯರ ನಡುವೆ? ಅಪರೂಪದ ಬಂದಿಶ್ ಮಗನಿಗೆ ಮಾತ್ರ, ಅಂತರಾ ಯಾರಿಗೂ ಇಲ್ಲ, ಪಕ್ಕದ ಮನೆಯವರು ಕೇಳಿಸಿಕೊಂಡಾರು ಎಂದು ಬಾಗಿಲು ಹಾಕಿ ಅಭ್ಯಾಸ. ಹೀಗೆ ಬಚ್ಚಿಟ್ಟ ವಿದ್ಯೆಯಲ್ಲಿ ಪಕ್ಕದಲ್ಲಿ ಕೂತವನು ಮೊದಲು ಪ್ರತಿಸ್ಪರ್ಧಿ, ಆಮೇಲೆ ಗುರುಬಂಧು. ಭಾತಖಂಡೆ ಬಂದಿಶ್‌ಗಳನ್ನು ಹುಡುಕಿ ತಂದು ಕ್ರಮಿಕ ಪುಸ್ತಕ ಮಾಲಿಕೆಯ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದರಿಂದ ಆದ ದೊಡ್ಡ ಉಪಕಾರ ಇದು: ಬಚ್ಚಿಡಲು ಏನೂ ಉಳಿಯಲಿಲ್ಲ. ಇಬ್ಬರ ಹತ್ತಿರವೂ ಅದೇ ಬಂದಿಶ್ ಇದ್ದಾಗ ಕಿತ್ತಾಡುವುದಕ್ಕೆ ಕಾರಣವಿಲ್ಲ, ಜತೆಗೂಡಿ ಹಾಡುವುದಕ್ಕೆ ಕಾರಣವಿದೆ.

ಪುಸ್ತಕವೊಂದೇ ಸಾಲದು ಎಂಬುದೂ ನಿಜ. ಸ್ವರಲಿಪಿಯಲ್ಲಿ ಮೀಂಡಿನ ದಾರಿ ಬರೆಯಲಾಗುವುದಿಲ್ಲ. ಅದಕ್ಕೆ ರಾತಂಜನಕರರಂಥ ಗುರು ಬೇಕಾಯಿತು. ಅವರು ಸ್ವತಃ ಆಗ್ರಾ ಘರಾಣೆಯ ಫೈಯಾಜ್ ಖಾನರಲ್ಲಿ ಕಲಿತವರು. ಅಲ್ಲಿಯ ನೋಂ-ತೋಂ ಆಲಾಪ, ಧಮಾರ್, ಲಯದ ಆಟ ಎಲ್ಲವೂ ಈ ಹುಡುಗರಿಗೆ ಬಂದದ್ದು ಹಾಗೆ. ಜತೆಗೂಡಿ ಹಾಡುವುದು ಆಗ್ರಾದವರಿಗೂ ಹೊಸತಲ್ಲ. ಫೈಯಾಜ್ ಖಾನರ ಹಿಂದೆ ಅತಾ ಹುಸೇನ್ ಖಾನರ ಕಂಠ ಇರುತ್ತಿತ್ತು. ಆದರೆ ಅವರು ಭಾವಮೈದುನ, ಮನೆಯವರು. ಬೈಲಹೊಂಗಲದ ಹುಡುಗನಿಗೂ ಭಟ್ಟರಿಗೂ ಅಂಥ ನಂಟೇನೂ ಇರಲಿಲ್ಲ, ಹಾಡು ಇತ್ತು.

ಇಬ್ಬರು ಜೋಡಿಯಾಗಿ ಧಮಾರ್ ಹಾಡುವುದೆಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲ ತೊಡಕು ಶ್ರುತಿಯದು. ಎರಡು ಗಂಟಲುಗಳ ಸಹಜ ಷಡ್ಜ ಒಂದೇ ಆಗಿರುವುದು ಅಪರೂಪ, ಒಬ್ಬರಾದರೂ ತಮ್ಮ ಸುಖವನ್ನು ಬಿಟ್ಟುಕೊಡಬೇಕು. ತಂಬೂರಿಯ ಮಣಿಗಳನ್ನು ಕೂದಲೆಳೆಯಷ್ಟು ಸರಿಸಿ, ನೂಲನ್ನು ಜವಾರಿಯ ಮೇಲೆ ಆಚೀಚೆ ಮಾಡಿ, ಎರಡೂ ತಂಬೂರಿಗಳು ಒಂದೇ ನಾದವಾಗುವವರೆಗೆ ಇಬ್ಬರೂ ಬಾಯಿ ಬಿಡುವುದಿಲ್ಲ. ಆಮೇಲೆ ನೋಂ-ತೋಂ. ಒಬ್ಬರು ಮಂದ್ರದಲ್ಲಿ ನಿಷಾದವನ್ನು ಹುಡುಕುತ್ತಿರುವಾಗ ಇನ್ನೊಬ್ಬರು ಷಡ್ಜ ಹಿಡಿದು ಕಾಯುತ್ತಾರೆ. ಹೇಳಬೇಕೆನಿಸಿದ್ದು ಗಂಟಲಿಗೆ ಬಂದಿದ್ದರೂ ನುಂಗಿಕೊಳ್ಳಬೇಕು. ಜತೆಗಾರ ಸ್ವರವೊಂದನ್ನು ಮುಗಿಸದೆ ಬಿಟ್ಟರೆ, ಅದನ್ನು ಬೇಕೆಂದೇ ಬಿಟ್ಟದ್ದೋ ಉಸಿರು ಸಾಲದೆ ಬಿಟ್ಟದ್ದೋ ಎಂದು ಆ ಕ್ಷಣದಲ್ಲೇ ತಿಳಿಯಬೇಕು. ಬೇಕೆಂದು ಬಿಟ್ಟಿದ್ದರೆ ಸುಮ್ಮನಿರಬೇಕು, ಉಸಿರು ಸಾಲದಿದ್ದರೆ ಎತ್ತಿಕೊಳ್ಳಬೇಕು. ಧಮಾರಿಗೆ ಬಂದ ಮೇಲೆ ಹದಿನಾಲ್ಕು ಮಾತ್ರೆ, ಐದು-ಎರಡು-ಮೂರು-ನಾಲ್ಕು ಎಂಬ ಓರೆಕೋರೆ ವಿಭಾಗ. ಸಾಹಿತ್ಯವನ್ನು ದುಗುಣ, ತಿಗುಣ ಮಾಡಿ ಒಬ್ಬರು ಹೊರಟರೆ ಇನ್ನೊಬ್ಬರು ಯಾವ ಅಕ್ಷರದಲ್ಲಿ ಸೇರಿಕೊಳ್ಳಬೇಕೆಂದು ಕೈಸನ್ನೆಯೂ ಇಲ್ಲದೆ ಗೊತ್ತಾಗಬೇಕು. ಪಖವಾಜಿನವನು ಸಮ್ ತೋರಿಸುವ ಹೊತ್ತಿಗೆ ಇಬ್ಬರೂ ಅಲ್ಲಿರಬೇಕು. ಇದು ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತವರಿಗೆ ಮಾತ್ರ ಒಲಿಯುವ ವಿದ್ಯೆ.

ಈಗಿನ ಜುಗಲ್‌ಬಂದಿಗಳು ನನಗೆ ಹಿಡಿಸದಿರುವುದು ಇದಕ್ಕಾಗಿಯೇ. ಇಬ್ಬರು ತಾರೆಯರು ವಿಮಾನ ಇಳಿದು ಬಂದು, ಮಧ್ಯಾಹ್ನ ಅರ್ಧ ಗಂಟೆ ರಾಗ ನಿಶ್ಚಯಿಸಿ, ಸಂಜೆ ವೇದಿಕೆಯನ್ನು ಕುಸ್ತಿಯ ಅಖಾಡ ಮಾಡುತ್ತಾರೆ. ಸವಾಲ್-ಜವಾಬ್ ನಡೆಯುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಅಲ್ಲಿ ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ಇನ್ನು ಬೊರಿವಲಿಯಿಂದ ಡೊಂಬಿವಲಿಯವರೆಗೆ ಹಬ್ಬಿರುವ ಟ್ರ್ಯಾಕ್ ಹಾಕಿ ಹಾಡುವ ಸಂಜೆಗಳು. ಅಲ್ಲಿಗೆ ಹೋಗುವವರ ಸಂಗೀತಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಟ್ರ್ಯಾಕಿಗೆ ಕಿವಿಯಿಲ್ಲ. ಹಾಡುವವ ದಣಿದನೆಂದು ಅದು ಲಯ ಇಳಿಸುವುದಿಲ್ಲ, ಚೆನ್ನಾಗಿ ಹಾಡಿದನೆಂದು ಹುರುಪಾಗುವುದಿಲ್ಲ. ಒಂದೇ ಸಭಾಂಗಣದಲ್ಲಿ ಸರದಿಯಂತೆ ಹಾಡಿದ ಮೂವತ್ತು ಜನ ಒಬ್ಬರ ಉಸಿರನ್ನು ಇನ್ನೊಬ್ಬರು ಅರಿಯದೆ ಮನೆಗೆ ಹೋಗುತ್ತಾರೆ.

ಇನ್ನು ಭಾತಖಂಡೆ ಪರಂಪರೆಯಲ್ಲಿ ಗುರು-ಶಿಷ್ಯರ ಬಾಂಧವ್ಯಕ್ಕೂ ಪುರಾವೆ ಬೇಕೆನ್ನುವವರು ಗಿಂಡೆಯವರ ಸ್ವಂತ ಬಂದಿಶ್‌ಗಳ ಮುದ್ರೆಯನ್ನು ನೋಡಲಿ. ರಾತಂಜನಕರರು ತಮ್ಮ ರಚನೆಗಳಲ್ಲಿ ಇಟ್ಟುಕೊಂಡ ಅಂಕಿತ ‘ಸುಜನ’. ಗಿಂಡೆ ಇಟ್ಟುಕೊಂಡದ್ದು ‘ಸುಜನಸುತ’. ಸ್ವಂತದ್ದನ್ನು ಹಾಡುವಾಗಲೂ ಗುರುವಿನ ಹೆಸರಿಲ್ಲದೆ ಅಂತರಾ ಮುಗಿಯಬಾರದೆಂಬ ಏರ್ಪಾಟು ಅದು. ಕಾಯ್ಕಿಣಿಯವರು ‘ದಿನರಂಗ’ ಎಂದು ತಮ್ಮದೇ ಹೆಸರಿನಿಂದ ಅಂಕಿತ ಮಾಡಿಕೊಂಡರು. ಗಾಯನದ ಚಾಲೂ ಇಬ್ಬರದೂ ಬೇರೆಬೇರೆ. ಒಂದೇ ಪುಸ್ತಕ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುತ್ತದೆ ಎನ್ನುವವರು ಇಬ್ಬರ ಧ್ವನಿಮುದ್ರಣಗಳನ್ನೂ ಕೇಳಿ ಆಮೇಲೆ ಮಾತಾಡಲಿ.

ರಾತಂಜನಕರರು 1974ರಲ್ಲಿ ಹೋದರು, ನಗರಕರ ಅದಕ್ಕೂ ಮೊದಲು, 1971ರಲ್ಲಿ. ಗಿಂಡೆ 1994ರಲ್ಲಿ, ಕಾಯ್ಕಿಣಿ 2010ರಲ್ಲಿ.

ಅವರು ಬಿಟ್ಟುಹೋದ ವಿದ್ಯೆ ಉಳಿಯಲೆಂದು, ಉಪನಗರಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿರುವ ನಮ್ಮ ಗಾಯಕರಲ್ಲಿ ಒಂದು ವಿನಂತಿ. ಹದಿನೈದು ಮಕ್ಕಳಿಗೆ ಒಟ್ಟಿಗೆ ಸರಗಮ್ ಹೇಳಿಸಿ, ಮೊಬೈಲಿನ ತಬಲಾ ಕೊಟ್ಟು ಮನೆಗೆ ಕಳಿಸಬೇಡಿ. ಕೊರಳು ಸ್ವಲ್ಪ ಪಳಗಿದವರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ. ಇಬ್ಬರಿಗೂ ಯಮನ್‌ನ ಒಂದೇ ವಿಲಂಬಿತ ಬಂದಿಶ್ ಕೊಡಿ. ಒಬ್ಬಳು ಆಲಾಪ ಮಾಡಲಿ, ಮುಖಡಾ ಎತ್ತಿ ಸಮ್ಮಿಗೆ ತಂದು ನಿಲ್ಲಿಸುವ ಕೆಲಸ ಇನ್ನೊಬ್ಬಳದಾಗಲಿ. ವಾರ ಕಳೆದ ಮೇಲೆ ಅದಲುಬದಲು ಮಾಡಿ. ತಂಬೂರಿಯನ್ನು ನೀವು ಶ್ರುತಿ ಮಾಡಿಕೊಡಬೇಡಿ. ಎಷ್ಟು ಹೊತ್ತಾದರೂ ಸರಿ, ಆ ಇಬ್ಬರೇ ಮಾಡಿಕೊಳ್ಳಲಿ.